ತೊಟ್ಟಿಲ ಹಲಿಗೆಯ ರಂಧ್ರಗಳು

ಅಮರಸಿಂಹನು ತನ್ನ ಕೋಶದ ದ್ವಿತೀಯ ಕಾಂಡದಲ್ಲಿ ಕಸಬುದಾರರ ಉಪಕರಣಗಳನ್ನು ಎಣಿಸುತ್ತ ಹೋಗುವಾಗ, ರಂಧ್ರ ಕೊರೆಯುವ ಸಾಧನಕ್ಕೆ ಎರಡು ಹೆಸರುಗಳನ್ನು ಕೊಟ್ಟಿರುವನು. ವೇಧನಿಕಾ ಎಂಬದು ಒಂದು. ಆಸ್ಫೋಟನೀ ಎಂಬದು ಮತ್ತೊಂದು. ಮೊದಲನೆಯದು ತೂರಿ ಹೋಗುವಂಥದು. ಎರಡನೆಯದು ಒಡೆಯುವಂಥದು, ಬಿರಿಯಿಸುವಂಥದು. ಪಾಠಶಾಲೆಯ ಹುಡುಗರು ಇವೆರಡನ್ನೂ ಪರ್ಯಾಯಪದಗಳೆಂದು ಬಾಯಿಪಾಠ ಮಾಡುವರು. ಕೋಶವನ್ನು ಓದುವವನಿಗೆ ಅಷ್ಟು ಸಾಕು. ಆದರೆ ಬಡಿಗನ ಅಂಗಳದಲ್ಲಿ ಕುಳಿತು ನೋಡುವವನಿಗೆ, ಅದೇ ಸಾಧನವು ಒಬ್ಬನ ಕೈಯಲ್ಲಿ ವೇಧನಿಕೆಯಾಗಿಯೂ ಇನ್ನೊಬ್ಬನ ಕೈಯಲ್ಲಿ ಆಸ್ಫೋಟನಿಯಾಗಿಯೂ ಕಾಣುವದು. ಅಷ್ಟೇ ಏಕೆ, ಒಂದೇ ರಂಧ್ರದಲ್ಲಿ ಹಲಿಗೆಯ ಮೇಲ್ಮೈಗೆ ಅದು ವೇಧನಿಕೆ, ಕೆಳಮೈಗೆ ಆಸ್ಫೋಟನಿ. ಪ್ಲಾಯ್‌ವುಡ್ಡೆಂಬ ಪದರ ಹಲಿಗೆಗೆ ರಂಧ್ರವಿಕ್ಕಿಸಿದ ಗೃಹಸ್ಥರಿಗೆಲ್ಲ ಇದರ ಅನುಭವವಿದ್ದೇ ಇರುವದು: ಮೇಲಿನಿಂದ ನೋಡಿದರೆ ಚಂದ್ರಬಿಂಬದಂತೆ ದುಂಡಗಿನ ತೂತು, ಹಲಿಗೆಯನ್ನು ಮಗುಚಿ ಹಾಕಿದರೆ ಸುತ್ತಲೂ ಚಕ್ಕೆ ಎದ್ದು, ಸಿಬರುಗಳು ನಾಲಗೆ ಚಾಚಿ ನಿಂತಿರುವವು.

ಇದು ಬಡಿಗರ ಮಾತು, ನಿವೃತ್ತ ಮಾಸ್ತರನಿಗೇಕೆ ಎಂದು ವಾಚಕರು ಕೇಳಬಹುದು. ಬಡಿಗ ಎಂಬ ಶಬ್ದವೇ ಸಂಸ್ಕೃತದ ವರ್ಧಕಿಯ ತದ್ಭವವಾದ್ದರಿಂದ ನನಗೂ ಆ ಅಂಗಳದಲ್ಲಿ ಒಂದು ಮೂಲೆಯ ಹಕ್ಕುಂಟೆಂದು ನಾನು ನಗೆಯಾಡುವದುಂಟು. ನಿಜವಾದ ಕಾರಣವು ಬೇರೆ ಇದೆ. ಅದನ್ನು ಮುಂದೆ ಹೇಳುವೆನು.

ನಮ್ಮ ತಂಬೂರು ಕಲಘಟಗಿ ತಾಲೂಕಿನ ಗ್ರಾಮ. ಧಾರವಾಡ ಸೀಮೆಯವರೆಲ್ಲರೂ ಎರೆಹೊಲದವರೆಂದು ಹೊರಗಿನವರು ತಿಳಿದಿರುವರಾದರೂ ನಮ್ಮದು ಮಲೆನಾಡಿನ ಸೆರಗು. ನವಲಗುಂದದವರು ಮಳೆಗಾಗಿ ಮುಗಿಲು ನೋಡುತ್ತಿರುವ ದಿನಗಳಲ್ಲಿ ನಮ್ಮಲ್ಲಿ ಅಂಗಳದ ಕಲ್ಲುಗಳಿಗೆ ಪಾಚಿ ಕಟ್ಟಿರುವದು. ಬಸವಣ್ಣದೇವರ ಗುಡಿ, ಕೆರೆ, ಆಚೆಗೆ ಅಡವಿ, ಅಡವಿಯಲ್ಲಿ ಸಾಗವಾನಿ. ಆದ್ದರಿಂದ ಇಲ್ಲಿಯ ಹಳೆಯ ಮನೆಗಳಲ್ಲಿ ಕಂಬ, ತೊಲೆ, ಬಾಗಿಲವಾಡ ಎಲ್ಲವೂ ಗಟ್ಟಿ ಕಟ್ಟಿಗೆಯವೇ. ನಾನು ಹುಡುಗನಾಗಿದ್ದಾಗ ಪದರ ಹಲಿಗೆ ಎಂದರೆ ಕಿರಾಣಿ ಅಂಗಡಿಯ ಚಹದ ಪೆಟ್ಟಿಗೆ ಮಾತ್ರ. ಅಂಚಿಗೆ ತಗಡು ಬಡಿದ ಆ ಪೆಟ್ಟಿಗೆಯನ್ನು ಅಂಗಡಿಕಾರನಿಂದ ಬೇಡಿ ತಂದು ಪುಸ್ತಕ ಇಟ್ಟುಕೊಳ್ಳುವದೇ ನಮಗೆ ದೊಡ್ಡ ಸಂಪತ್ತು. ಈಗ ಕಪಾಟು, ಮಂಚ, ಅಡಿಗೆಮನೆಯ ಗೂಡು, ದೇವರ ಮನೆಯ ಬಾಗಿಲು ಸಹ ಅದರವೇ ಆಗಿವೆ. ಗಟ್ಟಿ ಸಾಗವಾನಿಯ ಬೆಲೆ ಕೇಳಿದವನು ಇದರಲ್ಲಿ ತಪ್ಪು ಕಾಣಲಾರನು.

ಪದರ ಹಲಿಗೆಯ ರಚನೆಯನ್ನು ಅರಿಯದೆ ಅದರ ಸಿಬರಿನ ರಹಸ್ಯವು ತಿಳಿಯದಾದ್ದರಿಂದ ಅದನ್ನು ಸ್ವಲ್ಪದರಲ್ಲಿ ಹೇಳುವೆನು. ಮರದ ದಿಮ್ಮಿಯನ್ನು ನೀರಿನಲ್ಲಿ ಕುದಿಸಿ, ಇಲ್ಲವೆ ಉಗಿಯಲ್ಲಿ ಮೆತ್ತಗೆ ಮಾಡಿ, ಚರಕಿಗೆ ಏರಿಸಿ ತಿರುಗಿಸುತ್ತ, ಉದ್ದನೆಯ ಅಲಗನ್ನು ಅದಕ್ಕೆ ತಾಗಿಸುವರು. ಸುತ್ತಿದ ಚಾಪೆಯು ಬಿಚ್ಚಿಕೊಳ್ಳುವಂತೆ ದಿಮ್ಮಿಯು ತೆಳ್ಳನೆಯ ಪದರವಾಗಿ ಬಿಚ್ಚಿಕೊಳ್ಳುವದು. ಈ ಪದರಗಳಿಗೆ ಅಂಟು ಹಚ್ಚಿ ಒಂದರ ಮೇಲೊಂದನ್ನು, ಒಂದರ ನಾರು ಉದ್ದಕ್ಕೆ, ಮುಂದಿನದರ ನಾರು ಅಡ್ಡಕ್ಕೆ ಬರುವಂತೆ ಪೇರಿಸಿ, ಕಾದ ಉಕ್ಕಿನ ಹಾಳೆಗಳ ನಡುವೆ ಒತ್ತುವರು. ಪದರಗಳ ಸಂಖ್ಯೆಯು ಸಾಮಾನ್ಯವಾಗಿ ಬೆಸವಾಗಿರುವದು. ಎರಡೂ ಹೊರಮೈಗಳ ನಾರು ಒಂದೇ ದಿಕ್ಕಿಗಿದ್ದರೆ ಹಲಿಗೆಯು ಸೊಟ್ಟಗಾಗುವದಿಲ್ಲ. ಈ ಅಡ್ಡ-ಉದ್ದದ ಯುಕ್ತಿಗೆ ನ್ಯೂಯಾರ್ಕಿನ ಜಾನ್ ಮೇಯೊ ಎಂಬವನು 1865ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ನಮ್ಮ ದೇಶದಲ್ಲಿ ಈ ಉದ್ಯಮವು ಮೊದಲು ಬೆಳೆದದ್ದು ಆಸಾಮದ ಚಹದ ಪೆಟ್ಟಿಗೆಗಳಿಗಾಗಿ. ಬೆಂಗಳೂರಿನಲ್ಲಿ 1962ರಲ್ಲಿ ಈ ಹಲಿಗೆಯ ಸಂಶೋಧನೆಗೆಂದೇ ಒಂದು ಸಂಸ್ಥೆ ಹುಟ್ಟಿತು. ನಮಗೆ ಸಮೀಪದ ದಾಂಡೇಲಿಯಲ್ಲಿಯೂ ಒಂದು ಕಾಲಕ್ಕೆ ಇದರ ಕಾರಖಾನೆ ಇತ್ತು.

ಗಟ್ಟಿ ಹಲಿಗೆಗೆ ಇಲ್ಲದ ಗುಣವೊಂದು ಇದಕ್ಕುಂಟು: ನಡುವೆ ಮೊಳೆ ಹೊಡೆದರೆ ಉದ್ದಕ್ಕೆ ಸೀಳಿ ಹೋಗುವದಿಲ್ಲ. ಅಡ್ಡ ಪದರವು ಸೀಳನ್ನು ತಡೆದು ನಿಲ್ಲಿಸುವದು. ಆದರೆ ಒಳಗಿನ ಪದರಗಳಿಗೆ ಎರಡೂ ಮಗ್ಗುಲಲ್ಲಿ ನೆರೆಹೊರೆ ಇದ್ದರೆ, ಹೊರಗಿನ ಪದರಕ್ಕೆ ಒಂದೇ ಮಗ್ಗುಲಿನ ಆಸರೆ. ಅದರ ದಪ್ಪವಾದರೂ ಎಷ್ಟು? ಅನೇಕ ಹಲಿಗೆಗಳಲ್ಲಿ ಅರ್ಧ ಮಿಲಿಮೀಟರಿನ ಆಚೀಚೆ. ನಮ್ಮ ಲಗ್ನಪತ್ರಿಕೆಯ ಕಾಗದಕ್ಕಿಂತ ತುಸು ಹೆಚ್ಚು. ಕೊರೆಯುವ ಬಿಟ್ಟು ಮೇಲಿನಿಂದ ಇಳಿಯುವಾಗ ಪ್ರತಿಯೊಂದು ಪದರವೂ ತನ್ನ ಕೆಳಗಿನ ಪದರದ ಮೇಲೆ ಒರಗಿಕೊಂಡು ಕತ್ತರಿಸಿಕೊಳ್ಳುವದು. ಕಟ್ಟಕಡೆಯ ಪದರದ ಕೆಳಗೆ ಇರುವದು ಬರಿಯ ಗಾಳಿ. ಬಿಟ್ಟಿನ ಮೊನೆಯು ಅದನ್ನು ಕತ್ತರಿಸುವ ಮೊದಲೇ ತಳ್ಳುವದು. ತಳ್ಳಿದಾಗ ನಾರು ಬಾಗುವದು. ಬಾಗಿದ ನಾರು ಅಂಟಿನಿಂದ ಬಿಟ್ಟು ಏಳುವದು. ಎದ್ದದ್ದು ತನ್ನ ಉದ್ದಕ್ಕೆ ಹರಿದು ಓಡುವದು. ಚಕ್ಕೆ ಏಳುವದೆಂದರೆ ಇಷ್ಟೇ. ಕತ್ತರಿಯಿಲ್ಲದೆ ಬಟ್ಟೆಯನ್ನು ಬೆರಳಿನಿಂದ ಚುಚ್ಚಿ ತೂತು ಮಾಡಿದರೆ ಏನಾಗುವದೋ ಅದೇ ಇಲ್ಲಿ ಆಗುವದು. ಸಿಬರು ಯಾವಾಗಲೂ ಮೇಲ್ಪದರದ ನಾರಿನ ಗುಂಟವೇ ಓಡುವದನ್ನು ವಾಚಕರು ತಮ್ಮ ಮನೆಯ ಕಪಾಟಿನ ಹಿಂಬದಿಯಲ್ಲಿ ನೋಡಿಕೊಳ್ಳಬಹುದು.

ಇನ್ನು ನನ್ನ ಕಾರಣಕ್ಕೆ ಬರುವೆನು.

ಕಲಘಟಗಿಯ ಬಣ್ಣದ ತೊಟ್ಟಿಲನ್ನು ಅರಿಯದವರು ಉತ್ತರ ಕರ್ನಾಟಕದಲ್ಲಿ ವಿರಳ. ಸಾಗವಾನಿಯ ಚೌಕಟ್ಟು, ಚರಕಿ ಹಿಡಿದ ಕಂಬಿಗಳು, ಮಗ್ಗುಲ ಹಲಿಗೆಗಳ ಮೇಲೆ ಅರಗಿನ ಬಣ್ಣದಲ್ಲಿ ಬಾಲಕೃಷ್ಣನ ಲೀಲೆಗಳೋ ರಾಮಾಯಣದ ಪ್ರಸಂಗಗಳೋ. ನಮ್ಮ ಮನೆಯಲ್ಲಿ ಅಂಥದೊಂದು ತೊಟ್ಟಿಲು ನನ್ನ ಅಜ್ಜನ ಕಾಲದಿಂದ ಇದೆ. ನನ್ನ ತಂದೆಯನ್ನೂ, ನನ್ನನ್ನೂ, ನನ್ನ ಮಗಳನ್ನೂ ಅದರಲ್ಲಿಯೇ ತೂಗಿದರು. ಬಣ್ಣವು ಕೆಲವೆಡೆ ಮಾಸಿದೆ. ಕಾಳಿಂಗನ ಹೆಡೆಗಳಲ್ಲಿ ಎರಡು ಅಳಿಸಿವೆ. ಕೃಷ್ಣನ ಪಾದಗಳು ಮಾತ್ರ ಹಾಗೇ ಇವೆ.

ಏಳು ವರ್ಷಗಳ ಹಿಂದೆ ಈ ತೊಟ್ಟಿಲನ್ನು ಅಟ್ಟದಿಂದ ಕೆಳಗಿಳಿಸಿ, ಒರೆಸಿ, ಸರಪಳಿಗಳಿಗೆ ಎಣ್ಣೆ ಹಚ್ಚಿ ಸಿದ್ಧಮಾಡಿದ್ದೆವು. ಆಮೇಲೆ ಅದನ್ನು ಹಾಗೆಯೇ ಅಟ್ಟಕ್ಕೆ ಏರಿಸಬೇಕಾಯಿತು. ಅದರ ವಿಷಯವನ್ನು ಹೆಚ್ಚು ಬರೆಯಲಾರೆನು. ಹೀಗಾಗಿ ಕಳೆದ ವರ್ಷ ಮಗಳು ಮತ್ತೆ ಬಾಣಂತನಕ್ಕೆ ತವರಿಗೆ ಬಂದಾಗ ನಮ್ಮ ಮನೆಯವರು ಒಂದೇ ಮಾತು ಹೇಳಿದರು: “ಕೂಸು ಬರೂ ತನಕಾ ತೊಟ್ಟಿಲಕ್ಕ ಕೈ ಹಚ್ಚಬ್ಯಾಡ್ರಿ.” ಇದು ನಮ್ಮಲ್ಲಿ ಹಿರಿಯರಿಂದ ನಡೆದುಬಂದ ಪದ್ಧತಿಯೂ ಹೌದು. ನಾನು ತರ್ಕಶಾಸ್ತ್ರದ ಗಂಧವುಳ್ಳವನಾದರೂ ಆ ಮಾತಿಗೆ ಎದುರಾಡಲಿಲ್ಲ. ಅದರಲ್ಲಿ ತರ್ಕಕ್ಕಿಂತ ಹಳೆಯದೊಂದು ಭಯವಿತ್ತು, ಮತ್ತು ಅದು ನನ್ನಲ್ಲಿಯೂ ಇತ್ತು.

ಶ್ರಾವಣದಲ್ಲಿ, ಎಣಿಸಿದ ದಿನಕ್ಕಿಂತ ಮೂರು ವಾರ ಮೊದಲೇ, ಹೆಣ್ಣು ಕೂಸು ಹುಟ್ಟಿತು. ಅಂಗೈಯಗಲದ ಬೆನ್ನು, ಚರ್ಮವೋ, ಹೊಸದಾಗಿ ಬಿಚ್ಚಿದ ಬಾಳೆಯ ಸುಳಿಯಂತೆ. ನಮ್ಮ ಮನೆತನದಲ್ಲಿ ಹೆಸರಿಡುವದು ಹದಿಮೂರನೆಯ ದಿವಸ. ತಾಯಿ-ಮಕ್ಕಳು ಮನೆಗೆ ಬಂದ ದಿವಸವೇ ತೊಟ್ಟಿಲನ್ನು ಇಳಿಸಿದೆವು. ಚೌಕಟ್ಟು ಕಲ್ಲಿನಂತೆ ಗಟ್ಟಿ. ಆದರೆ ತಳದ ಹಲಿಗೆಯನ್ನು ಒತ್ತಿದರೆ ಹಿಟ್ಟು ಉದುರಿತು. ಚೌಕಟ್ಟಿಗೆ ಸಾಗವಾನಿ ಹಾಕಿದ ಹಿರಿಯರು ತಳಕ್ಕೆ ಮಾವಿನ ಹಲಿಗೆ ಹಾಕಿಸಿದ್ದರು. ಘುಣಕೀಟವು ಅದನ್ನು ಜರಡಿ ಮಾಡಿಬಿಟ್ಟಿತ್ತು.

ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆನು. ಕೀಟವು ಕಟ್ಟಿಗೆಯನ್ನು ತಿನ್ನುತ್ತ ಹೋದಂತೆ ಆಕಸ್ಮಿಕವಾಗಿ ಅಕ್ಷರದ ಆಕಾರ ಮೂಡುವದಕ್ಕೆ ನಮ್ಮ ಶಾಸ್ತ್ರಕಾರರು ಘುಣಾಕ್ಷರ ನ್ಯಾಯವೆಂದು ಹೆಸರಿಟ್ಟಿರುವರು. ಆ ಹಳೆಯ ಹಲಿಗೆಯಲ್ಲಿ ನನಗೆ ಅಕ್ಷರವೇನೂ ಕಾಣಲಿಲ್ಲ. ಕಂಡದ್ದು ಇದು: ಆ ಹುಳವು ಹೊರಬಿದ್ದ ನೂರಾರು ತೂತುಗಳಲ್ಲಿ ಒಂದಕ್ಕಾದರೂ ಸಿಬರಿರಲಿಲ್ಲ. ಸೂಜಿಯಿಂದ ಚುಚ್ಚಿದ ರೊಟ್ಟಿಯಂತೆ ಅಂಚೆಲ್ಲ ನಯವಾಗಿತ್ತು. ಹುಳಕ್ಕೆ ತಳ್ಳುವ ಬಲವಿಲ್ಲ. ಅದು ಒಂದೊಂದೇ ನಾರನ್ನು ಕಡಿದು ಕಡಿದು ಹೊರಗೆ ಬರುವದು. ಮುಂದೆ ಬಡಿಗರು ಹೇಳಿದ್ದನ್ನು ಕೇಳುವಾಗ ನನಗೆ ಈ ಹುಳದ ನೆನಪೇ ಆಗುತ್ತಿತ್ತು.

ಹುಬ್ಬಳ್ಳಿಯಿಂದ ಹೊಸ ಕಬ್ಬಿಣದ ತೊಟ್ಟಿಲು ತರೋಣವೆಂದು ಅಳಿಯಂದಿರು ಅಂದರು. ಮಗಳು ಏನೂ ಅನ್ನಲಿಲ್ಲ. ಹಳೆಯ ತೊಟ್ಟಿಲಿನ ಕಂಬಿಯನ್ನು ಹಿಡಿದುಕೊಂಡು ನಿಂತಿದ್ದಳು. ಅಲ್ಲಿಗೆ ಆ ಮಾತು ಮುಗಿಯಿತು. ತಳಕ್ಕೆ ಪದರ ಹಲಿಗೆ ಹಾಕುವದೆಂದು ಗೊತ್ತಾಯಿತು. ಒಂದೂವರೆ ಅಡಿ ಅಗಲದ ಒಂದೇ ತುಂಡಿನ ಸಾಗವಾನಿ ಹಲಿಗೆಯು ಎಂಟು ದಿನಗಳಲ್ಲಿ ಸಿಕ್ಕುವಂಥದಲ್ಲ. ಸಿಕ್ಕರೂ ಶ್ರಾವಣದ ತಂಪಿಗೆ ಹಸಿ ಕಟ್ಟಿಗೆಯು ಡೊಂಕಾಗದೆ ಇರದು.

ಹಲಿಗೆಯನ್ನು ಕೊಳ್ಳುವಲ್ಲಿಯೂ ಎಚ್ಚರ ಬೇಕು. ಪೇಟೆಯ ಒಂದು ಅಂಗಡಿಯಲ್ಲಿ “ಇದೂ ವಾಟರ್‌ಪ್ರೂಫೇ ರೀ” ಎಂದು ಅಗ್ಗದ ಹಲಿಗೆಯನ್ನು ಮುಂದೆ ಸರಿಸಿದರು. ಹಲಿಗೆಯ ಮೇಲಿನ ಮುದ್ರೆಯನ್ನು ಓದಬೇಕು. ಐ.ಎಸ್. 303 ಎಂಬ ಮಾನಕದಲ್ಲಿ ‘ಎಂ.ಆರ್.’ ಎಂದು ಬರೆದದ್ದು ತಂಪಿಗೆ ತಾಳುವದೇ ಹೊರತು ನೀರಿಗಲ್ಲ. ಐ.ಎಸ್. 710 ಎಂಬ ಮಾನಕದ ಹಲಿಗೆಯ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುವರು. ಕೂಸು ದಿನಕ್ಕೆ ಹತ್ತು ಸಲ ಒದ್ದೆಮಾಡುವ ಸ್ಥಳಕ್ಕೆ ಇದೇ ತಕ್ಕದ್ದು. ಇನ್ನೊಂದು ಕಾರಣವೂ ಉಂಟು. ಎಂ.ಆರ್. ಹಲಿಗೆಗಳಿಗೆ ಹಾಕುವ ಯೂರಿಯಾದ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಘಾಟು ವಾಯು ಬಹಳ ದಿನ ಹೊರಡುತ್ತಿರುವದು. ಫೀನಾಲಿನ ಅಂಟಿನಿಂದ ಅದು ತೀರ ಕಡಿಮೆ. 12 ಮಿಲಿಮೀಟರು ದಪ್ಪದ ತುಂಡನ್ನು ಅಳತೆಗೆ ಕೊಯ್ಯಿಸಿ ತಂದು, ಪಡಸಾಲೆಯಲ್ಲಿ ಗಾಳಿಗೆ ನಿಲ್ಲಿಸಿದೆನು.

ಹಳೆಯ ಹಲಿಗೆಗೆ ಮೂರು ಸಾಲು ರಂಧ್ರಗಳಿದ್ದವು, ನೀರು ಇಳಿಯಲು ಮತ್ತು ಕೆಳಗಿನಿಂದ ಗಾಳಿ ಆಡಲು. ಹೊಸದಕ್ಕೂ ಸಾಲಿಗೆ ಏಳರಂತೆ ಇಪ್ಪತ್ತೊಂದು ರಂಧ್ರಗಳೆಂದು ಗುರುತು ಹಾಕಿದೆನು. ಕೂಸಿನ ಬೆರಳು ಸಿಕ್ಕದಂತೆ ಅಗಲವನ್ನು 6 ಮಿಲಿಮೀಟರಿಗೆ ಇಟ್ಟೆನು. ನಮ್ಮೂರ ಬಡಿಗೇರ ಅಜ್ಜನ ಮೊಮ್ಮಗನನ್ನು ಕರೆಯಿಸಿದೆನು. ಅವನು ನನ್ನ ಹಳೆಯ ವಿದ್ಯಾರ್ಥಿ. ‘ರಾಮ’ ಶಬ್ದದ ವಿಭಕ್ತಿಗಳಲ್ಲಿ ತೃತೀಯೆಯನ್ನು ದಾಟಲಿಲ್ಲ, ಆದರೆ ಕೈ ಚುರುಕು. ಹೆಗಲಿಗೆ ಬ್ಯಾಟರಿಯ ಡ್ರಿಲ್ಲನ್ನು ಹಾಕಿಕೊಂಡು ಬಂದನು. ಇದಕ್ಕೆ ನಮ್ಮ ಹಿರಿಯರು ಬೈರಿಗೆ ಎನ್ನುತ್ತಿದ್ದರು, ಬಡಿಗರು ಗಿರಮಿಟ್ಟು ಎಂದೂ ಅನ್ನುವರು. ಹುಬ್ಬಳ್ಳಿ-ಧಾರವಾಡದ ಕಡೆ ಚುರುಮುರಿಯ ತಿಂಡಿಗೂ ಗಿರಮಿಟ್ಟೆಂದೇ ಹೆಸರಿರುವದರಿಂದ, ಪರವೂರಿನ ಅಳಿಯಂದಿರು ‘ಬಡಿಗ ಗಿರಮಿಟ್ಟು ತಂದಾನ’ ಎಂಬ ಮಾತು ಕೇಳಿ ಪಡಸಾಲೆಗೆ ಬಂದು ತಟ್ಟೆಗಾಗಿ ನೋಡಿದ್ದು ಆ ದಿನದ ಒಂದು ವಿನೋದ.

ಹುಡುಗನು ಮೊದಲು ಉಳಿಕೆಯ ಚೂರಿನಲ್ಲಿ ನಾಲ್ಕು ತೂತು ಕೊರೆದು ತೋರಿಸಿದನು. ಚೂರನ್ನು ಎರಡು ಇಟ್ಟಂಗಿಗಳ ಮೇಲಿಟ್ಟು, ಎದೆಯ ಭಾರವನ್ನೆಲ್ಲ ಹಾಕಿ, ಕ್ಷಣಾರ್ಧದಲ್ಲಿ ಮುಗಿಸಿದನು. ಮೇಲ್ಮೈ ನಿರ್ದೋಷ. ನಾನು ಚೂರನ್ನು ಮಗುಚಿ ಬೆರಳಾಡಿಸಿದೆನು. ಸಿಬರೊಂದು ತಟ್ಟನೆ ಉಗುರಿನ ಬುಡಕ್ಕೆ ಚುಚ್ಚಿತು. ತೋರಿಸಿದೆನು. ಅವನು ನಕ್ಕನು: “ಅದು ತಳದ ಬದಿ ಅಲ್ರೀ ಸರ. ಅದನ್ನ ಯಾರ ಬಗ್ಗಿ ನೋಡತಾರ?”

ಅಷ್ಟರಲ್ಲಿ ಅವನ ಅಜ್ಜನು ಕೋಲೂರುತ್ತ ಅಂಗಳಕ್ಕೆ ಬಂದಿದ್ದನು. ಎಂಬತ್ತು ದಾಟಿದ ಮುದುಕ, ಕಣ್ಣು ಮಂಜು. ಕಟ್ಟೆಯ ಮೇಲೆ ಕುಳಿತು ಚೂರನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ತೂತಿನ ಸುತ್ತ ಸವರಿದನು. “ಬಗ್ಗಿ ನೋಡವರು ಇರೂದಿಲ್ಲೋ ತಮ್ಮಾ, ಕೈ ಹಾಕವರು ಇರತಾರ” ಎಂದನು. ಅವನು ಹೇಳಿದ್ದು ಅಕ್ಷರಶಃ ನಿಜ. ದಿನಬೆಳಗಾದರೆ ತೊಟ್ಟಿಲಿನ ತಳವನ್ನು ಒರೆಸುವ ಹೆಣ್ಣುಮಕ್ಕಳ ಕೈ ಅಲ್ಲಿಗೇ ಹೋಗುವದು. ಹಳೆಯ ಸೀರೆಗಳ ಕೌದಿಯನ್ನು ಹಾಸಿದರೆ ಅದರ ಎಳೆಗಳು ರಂಧ್ರದಲ್ಲಿ ಸಿಕ್ಕು ಸಿಬರು ಮೇಲಕ್ಕೆ ಬರುವದು. ಬಂದದ್ದು ಎಲ್ಲಿ ಚುಚ್ಚುವದೆಂಬದನ್ನು ಹೇಳಬೇಕಾಗಿಲ್ಲ. ಇದಲ್ಲದೆ ಎದ್ದ ಪದರದ ಸಂದಿಯಿಂದ ನೀರು ಒಳಗೆ ಹೊಕ್ಕು, ಹಲಿಗೆಯು ಎಷ್ಟು ಬೆಲೆಯದಾಗಿದ್ದರೂ ಅಲ್ಲಿಂದಲೇ ಬಾಯಿ ಬಿಡತೊಡಗುವದು.

“ಕಟ್ಟಿಗಿ ಹಿಂದ ಕಟ್ಟಿಗಿ ಇರಬೇಕರೀ ಮಾಸ್ತರ. ಗಾಳಿ ಇದ್ರ ಒಡೀತೈತಿ.” ಮುದುಕನ ಉಪದೇಶವೆಲ್ಲ ಇಷ್ಟೇ. ಬಿಲ್ಲು ಕಟ್ಟಿದ ಬೈರಿಗೆಯ ಕಾಲದವನು ಅವನು. ಆದರೆ ಪದರ ಹಲಿಗೆಗೆ ಈ ಮಾತು ಗಟ್ಟಿ ಹಲಿಗೆಗಿಂತ ಹತ್ತುಪಟ್ಟು ಸಲ್ಲುವದು. ಕೊರೆಯಬೇಕಾದ ಹಲಿಗೆಯ ಕೆಳಗೆ, ಕೆಟ್ಟರೆ ಕೆಡಲೆಂದು ಇನ್ನೊಂದು ಚೂರನ್ನು ಇಟ್ಟು, ಎರಡನ್ನೂ ಕ್ಲ್ಯಾಂಪಿನಿಂದ ಬಿಗಿದು, ಬಿಟ್ಟು ಕೆಳಗಿನ ಚೂರಿನೊಳಗೂ ಸ್ವಲ್ಪ ಇಳಿಯುವವರೆಗೆ ಕೊರೆಯಬೇಕು. ಆಗ ಕೊನೆಯ ಪದರವು ಕೊನೆಯದಾಗಿ ಉಳಿಯುವದಿಲ್ಲ. ಅದಕ್ಕೂ ಒಂದು ನೆರೆ ಸಿಕ್ಕುವದು.

ಮಳೆ ಹಿಡಿದ ಮಧ್ಯಾಹ್ನ, ಹೊರಗೆ ಹೋಗುವಂತಿರಲಿಲ್ಲ. ಉಳಿಕೆಯ ಚೂರುಗಳು ಬೇಕಾದಷ್ಟಿದ್ದವು. ಮಾಸ್ತರಿಕೆಯ ಚಟ ಬಿಡದೆ, ಹುಡುಗನನ್ನು ಕೂಡಿಸಿಕೊಂಡು ಒಂದೊಂದು ಬಗೆಯನ್ನೂ ಪರೀಕ್ಷಿಸಿ, ಚೂರಿನ ಮೇಲೆ ಪೆನ್ಸಿಲ್ಲಿನಿಂದ ಅಂಕ ಹಾಕುತ್ತ ಹೋದೆನು. ಅವನು ಬಹುಶಃ ಮೊದಲ ಸಲ ಪರೀಕ್ಷೆಯಲ್ಲಿ ಉತ್ಸಾಹ ತೋರಿಸಿದ್ದು ಅಂದೇ.

ಹಿಂದೆ ಚೂರು ಕೊಟ್ಟು ಕೊರೆದಾಗ ಸಿಬರು ಹತ್ತರಲ್ಲಿ ಒಂಬತ್ತು ಪಾಲು ಇಲ್ಲವಾಯಿತು. ಆದರೆ ಅದರಲ್ಲಿಯೂ ಸೂಕ್ಷ್ಮಗಳುಂಟು. ಎರಡನೆಯ ರಂಧ್ರಕ್ಕೆ ಅದೇ ಚೂರನ್ನು ಅದೇ ಜಾಗದಲ್ಲಿಟ್ಟರೆ, ಹಿಂದಿನ ತೂತು ಕೆಳಗೆ ಬಂದು ಮತ್ತೆ ಗಾಳಿಯೇ ಆಸರೆಯಾಗುವದು. ಪ್ರತಿ ಸಲವೂ ಹೊಸ ಮೈ ಕೊಡಬೇಕು. ಎರಡು ಹಲಿಗೆಗಳ ನಡುವೆ ಕಟ್ಟಿಗೆಪುಡಿ ಕುಳಿತರೆ ಕೂದಲೆಳೆಯಷ್ಟು ಸಂದಿ ಉಳಿದು, ಅಷ್ಟರಲ್ಲಿಯೇ ಪದರವು ಏಳುವದು; ಆದ್ದರಿಂದ ಪ್ರತಿ ರಂಧ್ರದ ನಂತರ ಒರೆಸಬೇಕು. ಗೋಣಿಚೀಲವನ್ನೋ ಮಡಿಚಿದ ಪತ್ರಿಕೆಯನ್ನೋ ಹಿಂದಿಟ್ಟರೆ ಏನೂ ಪ್ರಯೋಜನವಿಲ್ಲ. ಮೆತ್ತನೆಯದು ಒತ್ತಿಕೊಳ್ಳುವದು, ಆಸರೆ ಕೊಡುವದಿಲ್ಲ.

ಬಿಟ್ಟಿನ ಆಕಾರದ ಮಹತ್ವವು ಎರಡನೆಯದು. ಹುಡುಗನು ತಂದದ್ದು ಕಬ್ಬಿಣ ಕೊರೆಯುವ ಸಾಮಾನ್ಯ ತಿರುಚು ಬಿಟ್ಟು. ಅದರ ತುದಿಯು ಮೊಂಡು ಶಂಕುವಿನಂತೆ. ಕೊನೆಯ ಪದರವನ್ನು ನಡುವಿನಿಂದ ತಳ್ಳಿ ಬೆಣೆಯಂತೆ ಸೀಳುವದು. ಕಟ್ಟಿಗೆಗೆಂದೇ ಮಾಡಿದ ಇನ್ನೊಂದು ಬಗೆಯುಂಟು: ನಡುವೆ ಚೂಪಾದ ಮುಳ್ಳು, ಅಂಚಿನಲ್ಲಿ ಎರಡು ಸಣ್ಣ ಕೋಡುಗಳು. ಮುಳ್ಳು ಸ್ಥಳವನ್ನು ಹಿಡಿದಿಡುವದು. ಕೋಡುಗಳು ಮೊದಲು ಸುತ್ತಲಿನ ನಾರನ್ನು ಕಡಿದು ಗೆರೆಯೆಳೆದಮೇಲೆ ನಡುವಿನ ಅಲಗು ಒಳಗಿನದನ್ನು ಎತ್ತಿ ಹಾಕುವದು. ನಮ್ಮ ಘುಣದ ರೀತಿಯೇ ಇದು, ಮೊದಲು ಕಡಿ, ಆಮೇಲೆ ತೆಗೆ. ಕಲಘಟಗಿಯ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಅದು ಸಿಕ್ಕಿತು, ಬೆಲೆಯೂ ಹೆಚ್ಚಿರಲಿಲ್ಲ. ಯಾವ ಬಿಟ್ಟಾದರೂ ಮೊಂಡಾಗಿದ್ದರೆ ಎಲ್ಲ ಉಪಾಯಗಳೂ ವ್ಯರ್ಥ. ಹಾಗೆಯೇ ಯಂತ್ರವು ವೇಗವಾಗಿ ತಿರುಗಬೇಕು, ಕೈ ಮೆಲ್ಲಗೆ ಒತ್ತಬೇಕು. ಹುಡುಗನು ಮಾಡುತ್ತಿದ್ದುದು ಇದರ ವಿಲೋಮ. ಕೊನೆಯ ಎರಡು ಮಿಲಿಮೀಟರಿನಲ್ಲಿ ಕೈಯ ಭಾರವನ್ನು ಪೂರ್ತಿ ತೆಗೆದುಬಿಡುವದನ್ನು ಅವನಿಗೆ ಕಲಿಸಲು ಅಜ್ಜನು ಅವನ ಮೊಣಕೈಯನ್ನು ಹಿಡಿದುಕೊಂಡು ಕುಳಿತದ್ದು ನೋಡತಕ್ಕ ದೃಶ್ಯವಾಗಿತ್ತು.

ಹಿಂದೆ ಚೂರು ಇಡಲು ಬಾರದ ಸ್ಥಳಗಳೂ ಇರುವವು. ಅಲ್ಲಿ ಎರಡು ಬದಿಯಿಂದ ಕೊರೆಯುವದೇ ಯುಕ್ತಿ. ಮುಳ್ಳಿನ ಬಿಟ್ಟಿನಿಂದ ಒಂದು ಬದಿಯಿಂದ ಕೊರೆಯುತ್ತ, ಆಚೆಯ ಮೈಯಲ್ಲಿ ಮುಳ್ಳಿನ ತುದಿ ಮಾತ್ರ ಇಣುಕಿದ ಕೂಡಲೆ ನಿಲ್ಲಿಸಬೇಕು. ಹಲಿಗೆಯನ್ನು ಮಗುಚಿ, ಆ ಇಣುಕಿದ ಚುಕ್ಕೆಯಲ್ಲಿಯೇ ಮುಳ್ಳನ್ನಿಟ್ಟು ಈ ಬದಿಯಿಂದ ಮುಗಿಸಬೇಕು. ಆಗ ಎರಡೂ ಹೊರಪದರಗಳು ಒಳಗಿನವುಗಳ ಮೇಲೆ ಒರಗಿಕೊಂಡೇ ಕತ್ತರಿಸಿಕೊಳ್ಳುವವು. ಈ ಬಗೆಗೆ ನಾನು ಎಲ್ಲಕ್ಕೂ ಹೆಚ್ಚು ಅಂಕ ಕೊಟ್ಟೆನು. ಕಾಗದದ ಅಂಟುಪಟ್ಟಿಯನ್ನು ಹಚ್ಚಿ ಕೊರೆಯುವದನ್ನು ಅನೇಕರು ಹೊಗಳುವರು. ಅದು ಸಿಬರನ್ನು ಕಡಿಮೆ ಮಾಡುವದೇನೋ ಹೌದು, ಆದರೆ ಪಟ್ಟಿಯನ್ನು ಅವಸರದಿಂದ ಕಿತ್ತರೆ ಏಳದೆ ಉಳಿದ ನಾರನ್ನೂ ಅದು ಎಬ್ಬಿಸಿಕೊಂಡು ಬರುವದು. ಕೈಕೆಳಗೆ ಬೇರೆ ಏನೂ ಇಲ್ಲದಾಗ ಅದು ಸರಿ.

ಮರುದಿನ ಮುಂಜಾನೆ ಇಪ್ಪತ್ತೊಂದು ರಂಧ್ರಗಳನ್ನೂ ಕೊರೆದದ್ದಾಯಿತು. ಹಿಂದೆ ಚೂರು, ಮುಳ್ಳಿನ ಬಿಟ್ಟು, ಎರಡು ಬದಿಯ ಕೊರೆತ, ಮೂರನ್ನೂ ಕೂಡಿಸಿದೆವು; ಒಂದೇ ಸಾಕಾಗುತ್ತಿತ್ತೆಂದು ಹುಡುಗನ ಮತ, ನನ್ನ ಮತವೂ ಅದೇ. ಆದರೆ ಒಳಗಿನ ಕೋಣೆಯಿಂದ ಕೂಸಿನ ದನಿ ಕೇಳುತ್ತಿತ್ತು. ಆ ದನಿ ಇನ್ನೂ ಬೆಕ್ಕಿನ ಮರಿಯದಷ್ಟೇ ಇತ್ತು. ಅದನ್ನು ಕೇಳುತ್ತ ಕೆಲಸದಲ್ಲಿ ಲಾಘವವನ್ನು ಹುಡುಕಲು ಮನಸ್ಸು ಬರಲಿಲ್ಲ.

ತೆಳುವಾದ ಕಡ್ಡಿಗೆ ಉಪ್ಪುಕಾಗದವನ್ನು ಸುತ್ತಿ ಪ್ರತಿಯೊಂದು ರಂಧ್ರದ ಒಳಮೈಯನ್ನೂ ಎರಡೂ ಅಂಚುಗಳನ್ನೂ ಉಜ್ಜಿದೆನು. ಮೊದಲು 120ರ ಕಾಗದ, ಆಮೇಲೆ 220ರದು. ನಯವಾಯಿತೆಂದು ನನಗೆ ತೋರಿತು. ಮುದುಕನು ಒಪ್ಪಲಿಲ್ಲ. ಒಂದು ಹಿಡಿ ಹತ್ತಿಯ ಅರಳೆಯನ್ನು ತರಿಸಿಕೊಂಡು ಪ್ರತಿ ರಂಧ್ರದ ಸುತ್ತ ಮೆಲ್ಲಗೆ ಎಳೆದನು. ಬೆರಳಿಗೆ ಸಿಕ್ಕದ ಸಿಬರು ಅರಳೆಗೆ ಸಿಕ್ಕುವದು. ಮೂರು ರಂಧ್ರಗಳ ಅಂಚಿನಲ್ಲಿ ಬಿಳಿಯ ಎಳೆಗಳು ನಿಂತವು. ಅವನ್ನು ಮತ್ತೆ ಉಜ್ಜಿದೆವು. ಕಣ್ಣಿನ ಮಂಜು ಅವನಿಗೆ ಈ ಕೆಲಸದಲ್ಲಿ ಕೊರತೆಯೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ರಂಧ್ರದ ಒಳಮೈಯಲ್ಲಿ ಪದರಗಳ ತುದಿಗಳು ಬಾಯಿ ತೆರೆದುಕೊಂಡಿರುವದರಿಂದ ಅದಕ್ಕೆ ಏನಾದರೂ ಹಚ್ಚಲೇಬೇಕು. ಅರಗಿನ ಪಾಲಿಶು ಹಚ್ಚಿದರೆ ತೊಟ್ಟಿಲಿನ ಬಣ್ಣಕ್ಕೆ ಒಪ್ಪುವದಲ್ಲವೇ ಎಂದು ಕೇಳಿದೆನು. “ಮಗ್ಗಲಕ್ಕ ನಡೀತೈತಿ. ತಳಕ್ಕ ಬ್ಯಾಡ್ರಿ. ಉಚ್ಚಿಗೆ ಅರಗು ನಿಲ್ಲೂದಿಲ್ಲ” ಎಂದನು. ರಸಾಯನಶಾಸ್ತ್ರವೂ ಇದನ್ನೇ ಹೇಳುವದು. ಹಳತಾದ ಮೂತ್ರದಲ್ಲಿ ಅಮೋನಿಯ ಹುಟ್ಟುವದು, ಅಂಥ ಕ್ಷಾರದಲ್ಲಿ ಅರಗು ಕರಗುವದು. ಅಗಸೆ ಎಣ್ಣೆಯು ಒಳ್ಳೆಯದು, ಆದರೆ ಶ್ರಾವಣದ ಹವೆಗೆ ಒಣಗಲು ವಾರಗಳು ಬೇಕು. ಕೊನೆಗೆ ಜೇನುಮೇಣವನ್ನು ಬಟ್ಟಲಿನಲ್ಲಿ ಬಿಸಿನೀರಿನ ಮೇಲಿಟ್ಟು ಕರಗಿಸಿ, ಬತ್ತಿಯಿಂದ ಪ್ರತಿ ರಂಧ್ರಕ್ಕೂ ಹಲಿಗೆಯ ನಾಲ್ಕು ಅಂಚುಗಳಿಗೂ ಹಚ್ಚಿ, ಆರಿದಮೇಲೆ ಅರಿವೆಯಿಂದ ಉಜ್ಜಿದೆವು. ಮೇಣಕ್ಕೆ ಒಣಗುವ ಕಾಯಿಲೆ ಇಲ್ಲ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಿದರೆ ಸಾಕು.

ಹದಿಮೂರನೆಯ ದಿವಸ ತೊಲೆಗೆ ತೊಟ್ಟಿಲು ಕಟ್ಟಿದೆವು. ನೆರೆಯ ಮುತ್ತೈದೆಯರು ಪದ ಹಾಡಿದರು. ಪದ್ಧತಿಯಂತೆ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗಿ ಆಮೇಲೆ ಕೂಸನ್ನು ಹಾಕಿದರು. ನಮ್ಮ ಮನೆಯವರು ಹಾಡುವವರ ಜೊತೆಗೆ ಹಾಡಲಿಲ್ಲ. ಬಗ್ಗಿ, ಕೌದಿಯ ಕೆಳಗೆ ಕೈಹಾಕಿ, ಹಲಿಗೆಯನ್ನು ಉದ್ದಕ್ಕೂ ಸವರಿ ನೋಡಿ, ಆಮೇಲೆ ನೆಟ್ಟಗೆ ನಿಂತರು.

ಇದು ನಡೆದು ವರ್ಷವಾಗುತ್ತ ಬಂದಿತು. ಈ ನಡುವೆ ನೆರೆಹೊರೆಯವರು ತಮ್ಮ ತಮ್ಮ ಹಲಿಗೆಗಳ ತೊಂದರೆಗಳನ್ನು ನನ್ನಲ್ಲಿಗೆ ತರುವದು ರೂಢಿಯಾಗಿದೆ. ನಳದ ಕೊಳವೆಗಾಗಿ ಅಡಿಗೆಮನೆಯ ಗೂಡಿಗೆ ಎರಡಂಗುಲದ ತೂತು ಬೇಕೆಂದವರಿಗೆ ಹಲ್ಲಿನ ಬಳೆಯಂಥ ಹೋಲ್‌ಸಾದಿಂದ ಇದೇ ರೀತಿ ಎರಡು ಬದಿಯಿಂದ ಕೊಯ್ಯಿಸಲು ಹೇಳಿದೆನು. ಅದರ ನಡುವಿನ ಬಿಟ್ಟು ಆಚೆ ಇಣುಕಿದಾಗ ಮಗುಚುವದೇ ಸೂತ್ರ. ಅಲಂಕಾರದ ಹೊಳಪು ಹಾಳೆ ಅಂಟಿಸಿದ ಹಲಿಗೆಯಾದರೆ, ಚೂಪಾದ ಚಾಕುವಿನಿಂದ ತೂತಿನ ಸುತ್ತಳತೆಯನ್ನು ಮೊದಲು ಗೀರಿಕೊಂಡರೆ ಚಕ್ಕೆಯು ಗೀರಿನ ಆಚೆಗೆ ಓಡುವದಿಲ್ಲ. ತಿರುಪುಮೊಳೆಗಳನ್ನು ಅಂಚಿನಿಂದ ಪದರಗಳ ನಡುವೆ ತುರುಕುವವರಿಗೆ ಮಾತ್ರ ನನ್ನಲ್ಲಿ ಉಪಾಯವಿಲ್ಲ; ಅಲ್ಲಿ ಸಣ್ಣ ತೂತು ಮೊದಲು ಕೊರೆದುಕೊಂಡರೂ ಹಿಡಿತವು ಅಷ್ಟಕ್ಕಷ್ಟೇ.

ಹುಡುಗನಿಗೆ ಈಗ ಕೆಲಸ ಹೆಚ್ಚಿದೆ. ಮೊನ್ನೆ ಪಕ್ಕದ ಹಳ್ಳಿಯೊಂದರ ಶಾಲೆಯ ಕಪಾಟಿಗೆ ಬೀಗದ ತೂತು ಕೊರೆಯಲು ಹೊರಟಾಗ ನಮ್ಮ ಮನೆಯ ಮುಂದೆಯೇ ಹಾಯ್ದುಹೋದನು. ಡ್ರಿಲ್ಲು ಹೆಗಲಿಗಿತ್ತು, ತೂತುಗಳಿಂದ ಜರಡಿಯಾದ ಹಿಂದಿಡುವ ಹಲಿಗೆಯು ಸೈಕಲ್ಲಿನ ಹಿಂದೆ ಹಗ್ಗದಿಂದ ಕಟ್ಟಿತ್ತು. ಅದಕ್ಕೆ ಇನ್ನೂ ಒಂದು ಮೂಲೆ ಉಳಿದಿದೆಯೆಂದು ಕೂಗಿ ಹೇಳಿದನು.